ಹಲ್ಲು ಕಿತ್ತ ಮೇಲೆ ವಿಶ್ರಾಂತಿ ಯಾರಿಗೆ?

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನೋ ಗಾದೆ ಕೇಳಿಕೊಂಡೇ ನಾವೆಲ್ಲ ಬೆಳೆದದ್ದು. ಹಲ್ಲೂ ಕಡಲೆಯೂ ಒಂದೇ ಕಾಲಕ್ಕೆ ಒದಗಿಬರಲ್ಲ, ಏನು ಮಾಡೋಣ, ಹಣೆಬರಹ ಅನ್ನೋ ಧಾಟಿ ಅದರದ್ದು. ಆದರೆ ಹಲ್ಲು ಕೀಳಿಸಿಕೊಂಡು ಎರಡು ದಿನ ಮನೆಯಲ್ಲಿ ಕೂತವನಿಗೆ ಈ ಗಾದೆಯೊಳಗೆ ಇನ್ನೊಂದು ಪ್ರಶ್ನೆ ಕಾಣುತ್ತೆ. ಹಲ್ಲಿಲ್ಲದಿದ್ದರೇನಂತೆ, ಕಡಲೆಯನ್ನ ನೆನೆಸಿ, ಬೇಯಿಸಿ, ರುಬ್ಬಿ ತಿನ್ನಬಹುದಲ್ಲ? ಖಂಡಿತ ತಿನ್ನಬಹುದು. ಆದರೆ ನೆನೆಸೋರು, ಬೇಯಿಸೋರು, ರುಬ್ಬೋರು ಮನೆಯಲ್ಲಿ ಇರಬೇಕು. ಇಲ್ಲಾಂದ್ರೆ ಊದಿದ ಕೆನ್ನೆ ಹಿಡಿದುಕೊಂಡು ತಾನೇ ಒಲೆ ಮುಂದೆ ನಿಲ್ಲೋಕೆ ಬಿಡುವಾದರೂ ಇರಬೇಕು. ಇಲ್ಲಿಂದಾಚೆಗೆ ಇದು ಹಣೆಬರಹದ ವಿಷಯ ಅಲ್ಲ. ಯಾರ ಹತ್ತಿರ ಎಷ್ಟು ಬಿಡುವಿದೆ, ಯಾರಿಗೋಸ್ಕರ ಯಾರು ಕೆಲಸ ಮಾಡ್ತಾರೆ ಅನ್ನೋ ವಿಷಯ.

ಹಲ್ಲು ಕಿತ್ತ ಮೇಲೆ ಡಾಕ್ಟ್ರು ಒಂದು ಚೀಟಿ ಕೊಡ್ತಾರೆ. ಸಣ್ಣ ಕ್ಲಿನಿಕ್ ಆಗಲಿ, ದೊಡ್ಡ ಆಸ್ಪತ್ರೆ ಆಗಲಿ, ಒಕ್ಕಣೆ ಹೆಚ್ಚು ಕಡಿಮೆ ಒಂದೇ. ಹತ್ತಿಯನ್ನ ಅರ್ಧ ಮುಕ್ಕಾಲು ಗಂಟೆ ಕಚ್ಚಿ ಹಿಡಿಯಿರಿ. 24 ಗಂಟೆ ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ, ಸ್ಟ್ರಾ ಹಾಕಿ ಏನನ್ನೂ ಹೀರಬೇಡಿ. ಬಿಸಿ, ಖಾರ, ಗಟ್ಟಿ ಪದಾರ್ಥ ಬೇಡ, ತಣ್ಣಗಿನ ಮೆತ್ತಗಿನ ಆಹಾರ ತಗೊಳ್ಳಿ. ಬೀಡಿ, ಸಿಗರೇಟು, ಹೊಗೆಸೊಪ್ಪು ಮುಟ್ಟಬೇಡಿ. ಭಾರ ಎತ್ತಬೇಡಿ, ತಲೆ ಬಗ್ಗಿಸಿ ಮಾಡುವ ಕೆಲಸ ಬೇಡ. ಒಂದೆರಡು ದಿನ ವಿಶ್ರಾಂತಿ ತಗೊಳ್ಳಿ.

ಒಂದೊಂದು ಸಾಲಿಗೂ ವೈದ್ಯಕೀಯ ಕಾರಣ ಇದೆ, ಅದನ್ನ ಮುಂದೆ ಹೇಳ್ತೀನಿ. ಆದರೆ ಈ ಚೀಟಿ ಯಾರನ್ನ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಅಂತ ಒಮ್ಮೆ ಯೋಚಿಸಿ. ಅವರ ಮನೆಯಲ್ಲಿ ಫ್ರಿಜ್ ಇದೆ. ಅವರಿಗೆ ಬೇರೆ ಅಡುಗೆ ಮಾಡಿಕೊಡೋರು ಇದ್ದಾರೆ. ಅವರ ಕೆಲಸ ಕುರ್ಚಿ ಮೇಲೆ ಕೂತು ಮಾಡುವಂಥದ್ದು. ಎರಡು ದಿನ ಕೆಲಸಕ್ಕೆ ಹೋಗದಿದ್ದರೆ ಮೂರನೇ ದಿನವೂ ಆ ಕೆಲಸ ಅಲ್ಲೇ ಇರುತ್ತೆ. ಅಂದರೆ ಇದು ನನಗೆ, ನಿಮಗೆ ಬರೆದ ಚೀಟಿ. ಕೈಗೆ ಮಾತ್ರ ಎಲ್ಲರಿಗೂ ಕೊಡ್ತಾರೆ.

ಮೊದಲು ಕಾರಣಗಳನ್ನ ನೋಡೋಣ, ಯಾಕಂದ್ರೆ ವಾದ ನಿಂತಿರೋದು ಅದರ ಮೇಲೆ. ಹಲ್ಲು ಕಿತ್ತ ಜಾಗದಲ್ಲಿ ಒಂದು ಗುಳಿ ಆಗುತ್ತೆ. ಅದರ ತಳದಲ್ಲಿ ದವಡೆಯ ಮೂಳೆ, ನರದ ತುದಿಗಳು. ಆ ಗುಳಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತೆ. ಆ ಹೆಪ್ಪೇ ಅಲ್ಲಿನ ಬ್ಯಾಂಡೇಜು. ಅದರ ಕೆಳಗೆ ಹೊಸ ಚರ್ಮ, ಹೊಸ ಮೂಳೆ ಬೆಳೆಯೋಕೆ ಶುರುವಾಗುತ್ತೆ. ವಸಡಿನ ಗಾಯ ಒಂದೆರಡು ವಾರದಲ್ಲಿ ಮಟ್ಟಸವಾದರೂ ಒಳಗಿನ ಮೂಳೆ ತುಂಬೋಕೆ ತಿಂಗಳುಗಳೇ ಬೇಕು. ಹಾಲಿಗೆ ಹೆಪ್ಪು ಹಾಕಿಟ್ಟ ಪಾತ್ರೆಯನ್ನ ಅಲ್ಲಾಡಿಸಬೇಡ ಅಂತ ಅಮ್ಮಂದಿರು ಬೈತಾರಲ್ಲ, ಬಾಯೊಳಗಿನ ಹೆಪ್ಪಿನ ಕಥೆಯೂ ಅದೇ. ಜೋರಾಗಿ ಉಗುಳಿದರೆ, ಸ್ಟ್ರಾದಲ್ಲಿ ಹೀರಿದರೆ ಅದು ಕಿತ್ತು ಬರಬಹುದು. ಬಗ್ಗಿ ಭಾರ ಎತ್ತಿದರೆ ತಲೆ ಕಡೆಗೆ ರಕ್ತದ ಒತ್ತಡ ಹೆಚ್ಚಿ, ನಿಂತ ರಕ್ತ ಮತ್ತೆ ಒಸರಬಹುದು. ಹೆಪ್ಪು ಹೋಗಿ ಮೂಳೆ ತೆರೆದುಕೊಂಡರೆ ಅದಕ್ಕೆ ಡ್ರೈ ಸಾಕೆಟ್ ಅಂತಾರೆ. ಸಾಮಾನ್ಯವಾಗಿ ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ, ಇನ್ನೇನು ನೋವು ಕಮ್ಮಿಯಾಯ್ತು ಅನ್ನೋ ಹೊತ್ತಿಗೆ, ಕಿವಿವರೆಗೂ ಎಳೆಯುವ ನೋವು ಶುರುವಾಗುತ್ತೆ. ತಂಬಾಕು ಬಳಸುವವರಿಗೆ, ಕೆಳದವಡೆಯ ಬುದ್ಧಿಹಲ್ಲು ತೆಗೆಸಿದವರಿಗೆ ಇದರ ಅಪಾಯ ಹೆಚ್ಚು. ಒಂದು ದಿನ ಕಳೆದ ಮೇಲೆ ಉಗುರುಬೆಚ್ಚಗಿನ ಉಪ್ಪುನೀರನ್ನ ಬಾಯಲ್ಲಿ ಮೆಲ್ಲಗೆ ಆಡಿಸಿ, ತಾನಾಗಿಯೇ ಸುರಿದುಹೋಗುವ ಹಾಗೆ ಬಿಡಬೇಕು. ಹೇಳಿದ ಮಾತ್ರೆಗಳನ್ನ ಹೇಳಿದ ಹೊತ್ತಿಗೆ ತಗೋಬೇಕು. ಇಷ್ಟು ಮಾಡಿದರೆ ಬಹುಪಾಲು ಜನಕ್ಕೆ ಏನೂ ತೊಂದರೆ ಆಗಲ್ಲ.

ಅಂದರೆ ವಿಶ್ರಾಂತಿ ಇಲ್ಲಿ ಚಿಕಿತ್ಸೆಯ ಭಾಗ. ಮಾತ್ರೆ ಹೇಗೋ ಹಾಗೆ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನು ಊಟ. ಈ ವಿಷಯದಲ್ಲಿ ನಮ್ಮ ಕಡೆಯವರು ಪುಣ್ಯವಂತರು. ನಮ್ಮೂರು ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ, ಸೋಮೇಶ್ವರ ದೇವಸ್ಥಾನಗಳನ್ನ ನೋಡಿದವರಿಗೆ ಹೆಸರು ಗೊತ್ತಿರುತ್ತೆ. ಬದುಕು ಮಾತ್ರ ರಾಗಿ, ತೆಂಗು. ಹಲ್ಲಿನ ಸಹಾಯವೇ ಬೇಡದ ಊಟ ಯಾವುದು ಅಂತ ಕೇಳಿದರೆ ಹಾಸನ ಜಿಲ್ಲೆಯವರು ಯೋಚನೆ ಮಾಡದೆ ಮುದ್ದೆ ಅಂತಾರೆ. ಮುರಿದು, ಬೆರಳಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ನುಂಗೋದು. ಅಗಿಯೋ ಹಾಗೇ ಇಲ್ಲ. ಬೆಂಗಳೂರಿನ ಸ್ನೇಹಿತರನ್ನ ಊರಿಗೆ ಕರಕೊಂಡು ಹೋದಾಗ ಅವರು ಮುದ್ದೆ ಅಗಿಯೋದನ್ನ ನೋಡಿ ಮನೆಯವರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಗ್ತಾರೆ. ಹಲ್ಲು ಕಿತ್ತವರಿಗೆ ಒಂದೇ ತಿದ್ದುಪಡಿ: ಮುದ್ದೆ ಆರಿರಬೇಕು, ಸಾರಿಗೆ ಖಾರ ಕಮ್ಮಿ ಇರಬೇಕು, ಒಗ್ಗರಣೆಯ ಸಾಸಿವೆ ಇರಬಾರದು. ಒಂದು ಸಾಸಿವೆ ಕಾಳು ಗುಳಿಯೊಳಗೆ ಸಿಕ್ಕಿಕೊಂಡರೆ ನಾಲಿಗೆ ಇಡೀ ದಿನ ಅದರ ಹಿಂದೆಯೇ ಸುತ್ತುತ್ತಿರುತ್ತೆ.

ಮೊದಲ ದಿನ ಮುದ್ದೆಯೂ ಬೇಡ ಅನ್ನಿಸಿದರೆ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ತಣ್ಣಗೆ ಕುಡಿಯಬಹುದು. ಕಿವುಚಿದ ಮೊಸರನ್ನ, ಹಾಲಿನಲ್ಲಿ ನೆನೆಸಿದ ಇಡ್ಲಿ, ಕಿವುಚಿದ ಬಾಳೆಹಣ್ಣು, ತೆಳ್ಳಗಿನ ಬೇಳೆಕಟ್ಟು ಇವೆಲ್ಲ ಆಗುತ್ತೆ. ಎಳನೀರು ಒಳ್ಳೇದು, ಆದರೆ ಲೋಟಕ್ಕೆ ಬಗ್ಗಿಸಿಕೊಂಡು ಕುಡೀಬೇಕು, ಸ್ಟ್ರಾ ಬೇಡ. ಒಳಗಿನ ಎಳೆ ಗಂಜಿಯನ್ನ ಚಮಚದಲ್ಲಿ ಕೆರೆದು ತಿನ್ನಬಹುದು. ಎರಡು ಮೂರು ದಿನ ಕಳೆದ ಮೇಲೆ ಮೆತ್ತಗೆ ಬೆಂದ ಉಪ್ಪಿಟ್ಟು, ಹೆಚ್ಚು ಹುರಿಯದ ಮೊಟ್ಟೆ ಬುರ್ಜಿ, ಇನ್ನೊಂದು ಬದಿಯ ಹಲ್ಲಿನಲ್ಲಿ. ನಿಪ್ಪಟ್ಟು, ಚಕ್ಕುಲಿ, ಕಡಲೆಪುರಿ, ಕಡಲೆಬೀಜಕ್ಕೆ ಒಂದೆರಡು ವಾರ ರಜ.

ಪಟ್ಟಿ ಓದುವಾಗ ಎಲ್ಲವೂ ಸರಳ ಅನ್ನಿಸುತ್ತೆ. ಇದರಲ್ಲಿ ದುಬಾರಿ ಅನ್ನುವಂಥದ್ದು ಒಂದೂ ಇಲ್ಲ. ಆದರೆ ಇನ್ನೊಮ್ಮೆ ಓದಿ. ಬೀಸಿದ ರಾಗಿ, ಕಡೆದ ಮಜ್ಜಿಗೆ, ಕಿವುಚಿದ ಅನ್ನ, ನೆನೆಸಿದ ಇಡ್ಲಿ, ಸೋಸಿದ ಕಟ್ಟು. ಪ್ರತಿಯೊಂದು ಪದಾರ್ಥದ ಹಿಂದೆ ಒಂದು ಕ್ರಿಯಾಪದ ಇದೆ, ಆ ಕ್ರಿಯಾಪದಕ್ಕೆ ಒಬ್ಬ ಕರ್ತೃ ಇದ್ದಾರೆ. ಹೆಚ್ಚಿನ ಮನೆಗಳಲ್ಲಿ ಅದು ಹೆಂಗಸು. ನಮ್ಮ ಬಾಯಿ ಮಾಡದ ಕೆಲಸವನ್ನ ಬೇರೆಯವರ ಕೈ ಮಾಡಿರುತ್ತೆ. ಮೆತ್ತಗಿನ ಊಟ ಅಂದರೆ ಬಾಯಿಂದ ಆಚೆ, ಇನ್ನೊಬ್ಬರು ಅಗಿದಿಟ್ಟ ಊಟ.

ಇದು ನನ್ನ ಕವಿತ್ವ ಅಲ್ಲ. ಮನುಷ್ಯ ಜಾತಿಯ ಕಥೆಯೇ ಹೀಗೆ ಅಂತ ವಿಜ್ಞಾನಿಗಳು ಹೇಳ್ತಾರೆ. ಚಿಂಪಾಂಜಿಗಳು ದಿನದ ಹಲವು ಗಂಟೆಗಳನ್ನ ಬರೀ ಅಗಿಯೋದರಲ್ಲೇ ಕಳೆಯುತ್ತವೆ. ನಮಗೆ ಆ ಗಂಟೆಗಳು ಉಳಿದದ್ದು ಕತ್ತರಿಸೋದು, ಜಜ್ಜೋದು, ಬೇಯಿಸೋದು ಕಲಿತ ಮೇಲೆ. ಹಾರ್ವರ್ಡ್‌ನ ಕ್ಯಾಥರಿನ್ ಜಿಂಕ್ ಮತ್ತು ಡೇನಿಯಲ್ ಲೀಬರ್‌ಮನ್ 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನೇ ಬರೆದರು. ಬೇಯಿಸೋದಿರಲಿ, ಮಾಂಸವನ್ನ ಕಲ್ಲಿನ ಚೂರಿನಲ್ಲಿ ಕತ್ತರಿಸಿ ಗೆಡ್ಡೆಯನ್ನ ಜಜ್ಜಿ ತಿಂದರೂ ಸಾಕು, ಅಗಿಯುವ ಶ್ರಮ ಗಣನೀಯವಾಗಿ ಇಳಿಯುತ್ತೆ ಅಂತ. ತಲೆಮಾರುಗಳು ಕಳೆದಂತೆ ದವಡೆ ಚಿಕ್ಕದಾಯ್ತು. ಮೆತ್ತಗಿನ ಊಟ ತಿಂದು ಬೆಳೆಯುವ ದವಡೆಯಲ್ಲಿ ಕೊನೆಯ ಹಲ್ಲಿಗೆ ಜಾಗ ಸಾಲಲ್ಲ, ಅದಕ್ಕೇ ಬುದ್ಧಿಹಲ್ಲು ಅಡ್ಡಡ್ಡ ಬರುತ್ತೆ ಅಂತ ಹಲವು ಸಂಶೋಧಕರ ವಾದ. ತಮಾಷೆ ನೋಡಿ: ಮೆತ್ತಗೆ ತಿಂದು ತಿಂದು ಹಲ್ಲಿಗೆ ಜಾಗ ಇಲ್ಲದಂತಾಯ್ತು, ಆ ಹಲ್ಲು ಕೀಳಿಸಿಕೊಂಡ ಮೇಲೆ ಮತ್ತೆ ಮೆತ್ತಗಿನ ಊಟವೇ ಬೇಕು. ಶುರುವಿನಿಂದ ಕೊನೆವರೆಗೆ ನಾವು ಬೇರೆಯವರ ಕೈಯಲ್ಲೇ ಇದ್ದೀವಿ.

ಹಳ್ಳಿ ಮನೆಗಳಲ್ಲಿ ಇದು ಕಣ್ಣಿಗೇ ಕಾಣ್ತಿತ್ತು. ಹಲ್ಲಿಲ್ಲದ ಅಜ್ಜಿಯರ ಹತ್ತಿರ ಒಂದು ಪುಟ್ಟ ಕುಟ್ಟಾಣಿ ಇರೋದು. ಎಲೆ, ಅಡಿಕೆ, ಸುಣ್ಣ ಹಾಕಿ ಟಕ್ ಟಕ್ ಅಂತ ಕುಟ್ಟಿಕೊಡೋದು ಮೊಮ್ಮಕ್ಕಳ ಕೆಲಸ. ನಮ್ಮಜ್ಜಿಗೂ ನಾನು ಕುಟ್ಟಿಕೊಟ್ಟಿದೀನಿ, ಕೂಲಿ ಒಂದು ಕೊಬ್ಬರಿ ಚೂರು. ಸರಿಯಾಗಿ ಕುಟ್ಟದಿದ್ದರೆ "ಇದನ್ನ ಯಾವನ್ಲಾ ತಿಂತಾನೆ, ಇನ್ನೊಂದ್ ಸಲ ಕುಟ್ಟು" ಅಂತ ವಾಪಸ್ ಬರೋದು. ಆ ಮಾತಿನಲ್ಲಿ ಸಂಕೋಚ ಇರಲಿಲ್ಲ, ಋಣದ ಭಾರವೂ ಇರಲಿಲ್ಲ. ತನ್ನ ಹಲ್ಲು ಗಟ್ಟಿ ಇದ್ದಾಗ ಅವಳು ಯಾರ್ಯಾರಿಗೋ ಕುಟ್ಟಿಕೊಟ್ಟಿದ್ದಳು, ಈಗ ಸರದಿ ನಮ್ಮದು ಅಷ್ಟೆ. ಒಬ್ಬರು ಅಗಿಯಲಾಗದಾಗ ಇನ್ನೊಬ್ಬರು ಅಗಿದುಕೊಡುವ ಲೆಕ್ಕ ಎಲ್ಲೂ ಬರೆದಿಡದಿದ್ದರೂ ಸರಿಯಾಗಿಯೇ ನಡೀತಿತ್ತು, ಒಂದು ಮನೆಯೊಳಗೆ.

ಮನೆಯಿಂದ ಆಚೆ ಬಂದಾಗ ಲೆಕ್ಕ ಅಷ್ಟು ಸರಿ ಇರಲಿಲ್ಲ. ಹಳ್ಳಿಯ ಬಗ್ಗೆ ಬರೆಯುವಾಗ ಅದನ್ನೂ ಹೇಳಬೇಕು. "ಒಂದ್ ಹಲ್ಲಿಗೆ ಎರಡ್ ದಿನ ರಜವಾ? ನಾವು ಬೆಳಿಗ್ಗೆ ಕೀಳಿಸ್ಕೊಂಡು ಬಂದು ಸಂಜೆ ಹಾಲು ಕರ್ದಿದೀವಿ" ಅಂತ ನಮ್ಮಪ್ಪ ಫೋನಿನಲ್ಲಿ ನಕ್ಕರು. ಅವರ ತಲೆಮಾರಿನ ಯಾರನ್ನ ಕೇಳಿದರೂ ಇಂಥದ್ದೊಂದು ಕಥೆ ಇರುತ್ತೆ. ಹಲ್ಲು ಕೀಳಿಸಿಕೊಂಡು ಬಸ್ಸಿಳಿದು ಸೀದಾ ಕಾಯಿ ಸುಲಿಯೋಕೆ ಹೋದವರು, ಕಳೆ ಕೀಳೋಕೆ ಹೋದವರು, ರಾಗಿ ಮೂಟೆ ಹೊತ್ತವರು. ಅವನ್ನ ಹೇಳುವಾಗ ದನಿಯಲ್ಲಿ ಒಂದು ಹೆಮ್ಮೆ ಇರುತ್ತೆ. ನೋವನ್ನ ನುಂಗೋದು ದೊಡ್ಡ ಗುಣ, ಹಲ್ಲುನೋವಿಗೆಲ್ಲ ಮಲಗೋದು ಪೇಟೆಯವರ ನಾಜೂಕು ಅನ್ನೋ ಹೆಮ್ಮೆ.

ಈ ಹೆಮ್ಮೆಯನ್ನ ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ. ಸಹಿಸುವ ಶಕ್ತಿ ನಿಜವಾಗಲೂ ದೊಡ್ಡದು. ಸಣ್ಣ ನೋವಿಗೆ ಇಡೀ ಮನೆಯನ್ನ ತಲೆಕೆಳಗು ಮಾಡುವವರ ಜೊತೆ ಬದುಕೋದು ಕಷ್ಟ ಅನ್ನೋದೂ ನಿಜ. ಆದರೆ ಸಹನೆಯಲ್ಲಿ ಎರಡು ಥರ ಇದೆ. ಬೇರೆ ದಾರಿಯೇ ಇಲ್ಲದ ನೋವನ್ನ ಸಹಿಸೋದು ಒಂದು. ದಾರಿ ಇದ್ದೂ, ಅದು ತನಗೆ ಸಿಗದ ಕಾರಣಕ್ಕೆ ಸಹಿಸೋದು ಇನ್ನೊಂದು. ಎರಡನೆಯದನ್ನ ನಾವು ಶೌರ್ಯ ಅಂತ ಕರೆದಾಗ, ದಾರಿ ಯಾಕೆ ಸಿಗಲಿಲ್ಲ ಅನ್ನೋ ಪ್ರಶ್ನೆ ಅಲ್ಲೇ ಸತ್ತುಹೋಗುತ್ತೆ.

ಇದಕ್ಕೆ ಹಲ್ಲಿನ ಚರಿತ್ರೆಯೇ ಸಾಕ್ಷಿ. 1844ರ ಡಿಸೆಂಬರ್ 11ರಂದು ಅಮೆರಿಕದ ಹಾರ್ಟ್‌ಫರ್ಡ್ ಊರಿನಲ್ಲಿ ಹೊರೇಸ್ ವೆಲ್ಸ್ ಅನ್ನೋ ದಂತವೈದ್ಯ ನೈಟ್ರಸ್ ಆಕ್ಸೈಡ್ ಉಸಿರಾಡಿ, ತನ್ನದೇ ದವಡೆ ಹಲ್ಲನ್ನ ಇನ್ನೊಬ್ಬ ವೈದ್ಯರಿಂದ ಕೀಳಿಸಿಕೊಂಡ. ನೋವು ಇಲ್ಲದೆ ಹಲ್ಲು ಬಂತು. ಎರಡು ವರ್ಷದ ನಂತರ, 1846ರ ಸೆಪ್ಟೆಂಬರ್ 30ರಂದು, ಬಾಸ್ಟನ್‌ನಲ್ಲಿ ವಿಲಿಯಂ ಮಾರ್ಟನ್ ಈಥರ್ ಕೊಟ್ಟು ರೋಗಿಯೊಬ್ಬನ ಹಲ್ಲು ಕಿತ್ತ. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಬಂದದ್ದೇ ಹೀಗೆ, ಹಲ್ಲು ಕೀಳುವವರ ಕುರ್ಚಿಯಿಂದ. ಇವತ್ತು ನಮ್ಮ ವಸಡಿಗೆ ಚುಚ್ಚುವ ಲಿಡೊಕೇನ್ 1943ರಲ್ಲಿ ಸ್ವೀಡನ್‌ನ ನಿಲ್ಸ್ ಲಾಫ್‌ಗ್ರೆನ್ ತಯಾರಿಸಿದ್ದು. ಅದಕ್ಕಿಂತ ಮೊದಲಿನ ಸಾವಿರಾರು ವರ್ಷ ಜನ ಕಂಬ ಹಿಡಿದುಕೊಂಡು, ಕಿರುಚಿಕೊಂಡು ಕೀಳಿಸಿಕೊಂಡರು. ಅವರು ನಮಗಿಂತ ಗಟ್ಟಿ ಜನ ಇರಬಹುದು. ಆದರೆ ಇವತ್ತು ಯಾರಾದರೂ ಇಂಜೆಕ್ಷನ್ ಇಲ್ಲದೆ ಹಲ್ಲು ಕೀಳಿ ಅಂತ ಹೇಳಿದರೆ ನಾವು ಅದನ್ನ ಶೌರ್ಯ ಅನ್ನಲ್ಲ, ಹುಚ್ಚು ಅಂತೀವಿ. ದುಡ್ಡಿಲ್ಲದ ಕಾರಣಕ್ಕೆ ಯಾರಿಗಾದರೂ ಇಂಜೆಕ್ಷನ್ ಕೊಡದೆ ಕಿತ್ತರೆ ಅದನ್ನ ಕ್ರೌರ್ಯ ಅಂತೀವಿ.

ಹಾಗಿದ್ದ ಮೇಲೆ, ಇಂಜೆಕ್ಷನ್ ಎಲ್ಲರಿಗೂ ಬೇಕು ಅಂತ ಒಪ್ಪುವ ನಾವು, ಅದೇ ಚಿಕಿತ್ಸೆಯ ಉಳಿದರ್ಧವಾದ ಎರಡು ದಿನದ ವಿಶ್ರಾಂತಿ ಮಾತ್ರ ಕೆಲವರಿಗೆ ಸಾಕು ಅಂತ ಹೇಗೆ ಒಪ್ಪಿಕೊಂಡೆವು? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮ ಮನೆಯ ಸಿಂಕಿನ ಮುಂದೆ ಬಂದದ್ದು.

ನನ್ನ ಬುದ್ಧಿಹಲ್ಲು ತೆಗೆಸಿದ ವಾರ ಅಮ್ಮ ಊರಿಂದ ಬಂದಿದ್ದರು. ರಾಗಿ ಹಿಟ್ಟು, ಆರು ತೆಂಗಿನಕಾಯಿ, ಒಂದು ಡಬ್ಬಿ ತುಪ್ಪದ ಜೊತೆ. ಆಫೀಸಿಗೆ ಎರಡು ದಿನ ಸಿಕ್ ಲೀವ್ ಹಾಕಿದ್ದೆ, ಶನಿವಾರ ಭಾನುವಾರ ಸೇರಿ ನಾಲ್ಕು ದಿನ. ಮ್ಯಾನೇಜರು ಒಂದೂ ಪ್ರಶ್ನೆ ಕೇಳದೆ ಆರಾಮಾಗಿರಿ ಅಂತ ಮೆಸೇಜ್ ಹಾಕಿದರು. ಎಲ್ಲ ಪುಸ್ತಕದಲ್ಲಿ ಬರೆದ ಹಾಗೆ ನಡೀತು, ಐದನೇ ದಿನಕ್ಕೆ ಕೆಲಸಕ್ಕೆ ಕೂತೆ.

ಅದಾಗಿ ಎರಡು ತಿಂಗಳಿಗೆ, ನಮ್ಮ ಮನೆಗೆ ಪಾತ್ರೆ ತೊಳೆದು ನೆಲ ಒರೆಸೋಕೆ ಬರುವ ಅಕ್ಕ ಒಂದು ಮಧ್ಯಾಹ್ನ ಬಾಯಿಗೆ ಸೆರಗು ಒತ್ತಿಕೊಂಡು ಬಂದರು. ಕಡೂರು ಕಡೆಯವರು, ನಮ್ಮ ಸೀಮೆಯವರೇ ಅನ್ನಬಹುದು. ಬೆಳಿಗ್ಗೆ ಕೆಳಗಿನ ದವಡೆ ಹಲ್ಲು ಕೀಳಿಸಿಕೊಂಡಿದ್ದರಂತೆ. ಬಕೆಟ್ ಎತ್ತಿ, ಬಗ್ಗಿ ನೆಲ ಒರೆಸಿ, ಮಧ್ಯೆ ಮಧ್ಯೆ ಸಿಂಕಿಗೆ ಬಂದು ರಕ್ತ ಉಗುಳ್ತಿದ್ದರು. ಚೀಟಿಯಲ್ಲಿ ಬೇಡ ಅಂತ ಬರೆದಿರೋದೆಲ್ಲ ಒಂದೇ ಗಂಟೆಯಲ್ಲಿ.

"ಅಕ್ಕ, ಮನೆಗೆ ಹೋಗಿ, ಎರಡು ದಿನ ಬರಬೇಡಿ, ಸಂಬಳ ಹಿಡಿಯಲ್ಲ" ಅಂದೆ.

ಅವರು ಕೈಸನ್ನೆಯಲ್ಲೇ ಬೇಡ ಅಂದು, ಆಮೇಲೆ ಅರ್ಧ ಬಾಯಲ್ಲಿ ಹೇಳಿದರು: "ನೀವು ಒಬ್ರು ಬೇಡ ಅಂದ್ರೆ ಆಯ್ತಾ ಅಣ್ಣ? ಐದು ಮನೆ ಐತೆ. ಇಲ್ಲಿ ಬಿಟ್ಟು ಅಲ್ಲಿಗೆ ಹೋದ್ರೂ ಅದೇ ಬಕೆಟ್ಟು, ಅದೇ ಬಗ್ಗೋದು. ಅವ್ರು ಬೇರೆಯವ್ರನ್ನ ನೋಡ್ಕಂಡ್ರೆ ಏನ್ ಮಾಡ್ಲಿ?"

ನಾನು ಕೊಟ್ಟದ್ದು ವಿಶ್ರಾಂತಿ ಆಗಿರಲಿಲ್ಲ. ಐದರಲ್ಲಿ ಒಂದು ಭಾಗ ವಿಶ್ರಾಂತಿ. ಹಲ್ಲಿನ ಗುಳಿಗೆ ಅಂಥ ಲೆಕ್ಕ ಗೊತ್ತಿಲ್ಲ. ನಾಲ್ಕು ಮನೆಯಲ್ಲಿ ಬಗ್ಗಿ ಒಂದು ಮನೆಯಲ್ಲಿ ಕೂತರೆ ಐದನೇ ಒಂದು ಭಾಗ ಹೆಪ್ಪು ಉಳಿಯಲ್ಲ. ಒಬ್ಬ ಒಳ್ಳೆಯವನಾಗಿದ್ದರೆ ಸಾಕಾಗದ ಜಾಗಗಳು ಇವು. ಅವರು ಎರಡು ದಿನ ಮಲಗಬೇಕಾದರೆ ಐದು ಮನೆಯವರ ಒಳ್ಳೆಯತನ ಒಂದೇ ದಿನ, ಒಂದೇ ಹೊತ್ತಿಗೆ ಕೂಡಿಬರಬೇಕು. ನನ್ನ ವಿಷಯದಲ್ಲಿ ಹಾಗೆ ಏನೂ ಕೂಡಿಬರಬೇಕಿರಲಿಲ್ಲ. ನನ್ನ ಮ್ಯಾನೇಜರು ಒಳ್ಳೆಯವರು ನಿಜ, ಆದರೆ ಅವರು ಕೆಟ್ಟವರಾಗಿದ್ದರೂ ನನ್ನ ರಜ ನನಗೆ ಸಿಗಬೇಕಾದದ್ದೇ. ದಯೆಗೂ ಹಕ್ಕಿಗೂ ಇರುವ ವ್ಯತ್ಯಾಸವನ್ನ ನನಗೆ ಯಾವ ಭಾಷಣವೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಹಕ್ಕು ಅಂದರೆ, ಎದುರಿಗಿರುವವರು ಒಳ್ಳೆಯವರಾ ಅಂತ ನೋಡಬೇಕಾಗಿಲ್ಲದ್ದು.

ಕಾನೂನಿನಲ್ಲೂ ಈ ಗೆರೆ ಇದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ಅದರ ವ್ಯಾಪ್ತಿಯ ನೌಕರರಿಗೆ ವರ್ಷಕ್ಕೆ 12 ದಿನದವರೆಗೆ ಕಾಯಿಲೆ ಮುಂತಾದ ಕಾರಣಕ್ಕೆ ಸಂಬಳ ಸಹಿತ ರಜ ಇದೆ. ಸಾಫ್ಟ್‌ವೇರ್ ಕಂಪನಿಗಳಲ್ಲಿ ನಾವು ಹಾಕುವ ಸಿಕ್ ಲೀವ್‌ಗೆ ಅದೇ ಬೇರು. ಆದರೆ ಮನೆ ಅನ್ನೋದು ಅಂಗಡಿಯೂ ಅಲ್ಲ, ವಾಣಿಜ್ಯ ಸಂಸ್ಥೆಯೂ ಅಲ್ಲ. ಹಾಗಾಗಿ ಮನೆಗೆಲಸದವರು ಆ ಗೆರೆಯಿಂದ ಆಚೆ. ಮನೆಗೆಲಸದವರ ಹಕ್ಕುಗಳ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲೇ 189ನೇ ಒಡಂಬಡಿಕೆ ತಂದಿದೆ. ಭಾರತ ಅದನ್ನ ಅನುಮೋದಿಸಿಲ್ಲ. ಒಂದೇ ಕಟ್ಟಡದ ಒಂದೇ ಮನೆಯೊಳಗೆ, ಲ್ಯಾಪ್‌ಟಾಪ್ ಮುಂದೆ ಕೂತವನ ದವಡೆಗೆ ಕಾನೂನಿನ ರಕ್ಷಣೆ ಇದೆ, ಪಕ್ಕದಲ್ಲಿ ನೆಲ ಒರೆಸುವವರ ದವಡೆಗೆ ಇಲ್ಲ.

ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರಗಳು ನನಗೆ ಗೊತ್ತು. ಒಂದು, "ಅವರು ಕೇಳಿದರೆ ಕೊಡ್ತೀವಲ್ಲ." ಕೇಳೋದಕ್ಕೇ ಧೈರ್ಯ ಬೇಕಾಗುವ ಜಾಗದಲ್ಲಿ ಕೇಳಲಿಲ್ಲ ಅನ್ನೋದನ್ನ ಬೇಡ ಅಂತ ಅರ್ಥ ಮಾಡಿಕೊಳ್ಳೋದು ನಮಗೆ ಅನುಕೂಲ, ಅಷ್ಟೆ. ಎರಡು, "ಅವರಿಗೆ ಅಭ್ಯಾಸ ಇರುತ್ತೆ, ಗಟ್ಟಿ ಜನ." ಡ್ರೈ ಸಾಕೆಟ್ ಗಟ್ಟಿ ಜನರನ್ನ ಬಿಟ್ಟುಬಿಡುತ್ತೆ ಅಂತ ಯಾವ ದಂತವೈದ್ಯರೂ ಹೇಳಲ್ಲ. ಎಲೆಅಡಿಕೆ, ಹೊಗೆಸೊಪ್ಪಿನ ಅಭ್ಯಾಸ ಇದ್ದರಂತೂ ಅವರಿಗೇ ಅಪಾಯ ಹೆಚ್ಚು. ಮೂರು, "ರಜ ಕೊಡ್ತಾ ಹೋದರೆ ದುರುಪಯೋಗ ಆಗುತ್ತೆ." ಆಗಬಹುದು. ನಮ್ಮ ಆಫೀಸುಗಳಲ್ಲೂ ಸೋಮವಾರದ ಜ್ವರ, ಶುಕ್ರವಾರದ ಹೊಟ್ಟೆನೋವು ಇದ್ದೇ ಇದೆ. ಅದಕ್ಕೋಸ್ಕರ ಸಿಕ್ ಲೀವ್ ತೆಗೆದುಹಾಕಿ ಅಂತ ನಮ್ಮಲ್ಲಿ ಯಾರೂ ಹೇಳಲ್ಲ. ಕೆಳಗಿನವರ ವಿಷಯಕ್ಕೆ ಬಂದಾಗ ಮಾತ್ರ ದುರುಪಯೋಗ ಮೊದಲು ನೆನಪಾಗುತ್ತೆ, ಉಪಯೋಗ ಆಮೇಲೆ.

ನಾಲ್ಕನೆಯದು ಮಾತ್ರ ನಿಜವಾದ ಕಷ್ಟ. "ಎರಡು ದಿನ ಅವರು ಬರದಿದ್ದರೆ ಪಾತ್ರೆ ಯಾರು ತೊಳೀತಾರೆ?" ನಮ್ಮಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳೇ ಹೆಚ್ಚು, ಚಿಕ್ಕ ಮಕ್ಕಳಿರುತ್ತಾರೆ, ವಯಸ್ಸಾದ ಅಪ್ಪ ಅಮ್ಮ ಇರುತ್ತಾರೆ. ಅವರ ವಿಶ್ರಾಂತಿ ನಮ್ಮ ಬೆನ್ನಿನ ಮೇಲೆ ಬರುತ್ತೆ, ಹೆಚ್ಚಾಗಿ ಮನೆಯ ಹೆಂಗಸಿನ ಬೆನ್ನಿನ ಮೇಲೆ. ಇದನ್ನ ಇಲ್ಲ ಅನ್ನೋಕೆ ಆಗಲ್ಲ. ಆದರೆ ಈ ಕಷ್ಟವನ್ನ ಸ್ವಲ್ಪ ತಿರುಗಿಸಿ ನೋಡಿ. ಅವರು ಎರಡು ದಿನ ಬರದಿದ್ದರೆ ನಮ್ಮ ಮನೆ ನಿಂತುಹೋಗುತ್ತೆ ಅನ್ನೋದು ಸತ್ಯವಾದರೆ, ಆ ಕೆಲಸ ಎಷ್ಟು ಮುಖ್ಯದ್ದು ಅಂತ ನಾವೇ ಹೇಳಿದ ಹಾಗಾಯ್ತು. ನನ್ನ ಆಫೀಸಿನಲ್ಲಿ ನಾನಿಲ್ಲದೆ ನಾಲ್ಕು ದಿನ ಏನೂ ನಿಲ್ಲಲಿಲ್ಲ. ಅಷ್ಟು ಮುಖ್ಯವಲ್ಲದವನಿಗೆ ರಜ, ಅಷ್ಟು ಮುಖ್ಯವಾದವರಿಗೆ ರಜ ಇಲ್ಲ ಅನ್ನೋದು ಯಾವ ನ್ಯಾಯ?

ನಮ್ಮ ಕಡೆಯಿಂದ ಇನ್ನೊಂದು ವಿಷಯ ಇದೆ. ವಿಶ್ರಾಂತಿ ಹಕ್ಕಾಗಿ ಸಿಕ್ಕವರು ಅದನ್ನ ಹೇಗೆ ಬಳಸ್ತೀವಿ? ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಸ್ಟ್ಯಾಂಡಪ್ ಕಾಲ್‌ಗೆ ಬಂದು, ಕ್ಯಾಮೆರಾ ಆಫ್ ಮಾಡಿ, "ಮಾತಾಡೋಕಾಗಲ್ಲ, ಚಾಟ್‌ನಲ್ಲಿ ಇರ್ತೀನಿ" ಅಂತ ಬರೆಯುವ ಟೀಮ್ ಲೀಡ್‌ಗಳನ್ನ ನೀವೂ ನೋಡಿರ್ತೀರಿ. ಎಲ್ಲರೂ ಹೃದಯದ ಇಮೋಜಿ ಹಾಕ್ತಾರೆ. ಮೇಲ್ನೋಟಕ್ಕೆ ಅದು ಕೆಲಸದ ಮೇಲಿನ ಶ್ರದ್ಧೆ. ಆದರೆ ಮುಂದಿನ ತಿಂಗಳು ಅದೇ ಟೀಮಿನ ಹೊಸ ಹುಡುಗಿ ಹಲ್ಲು ಕೀಳಿಸಿಕೊಂಡಾಗ ಎರಡು ದಿನ ರಜ ಕೇಳೋಕೆ ಹಿಂಜರೀತಾಳೆ. ಅಪ್ಪನ ಕಾಲದ "ಸಂಜೆ ಹಾಲು ಕರೆದ" ಕಥೆಯೂ ಇದೂ ಒಂದೇ, ಬಟ್ಟೆ ಬೇರೆ ಅಷ್ಟೆ. ವ್ಯತ್ಯಾಸ ಏನಂದರೆ ಅಪ್ಪನಿಗೆ ಹಸುವಿನ ಕೆಚ್ಚಲು ಕಾಯ್ತಿತ್ತು, ನಮಗೆ ಕಾಯ್ತಿರೋದು ನಾಳೆಯವರೆಗೂ ತಡೆಯಬಹುದಾದ ಒಂದು ಟಿಕೆಟ್. ಸಹಿಸಬೇಕಾಗಿಲ್ಲದ್ದನ್ನ ಸಹಿಸಿ ತೋರಿಸುವವರು ತಮಗೊಬ್ಬರಿಗೇ ಕಷ್ಟ ಕೊಟ್ಟುಕೊಳ್ಳಲ್ಲ. ಸುತ್ತ ಇರುವ ಎಲ್ಲರಿಗೂ ವಿಶ್ರಾಂತಿಯ ಬೆಲೆ ಏರಿಸಿಬಿಡ್ತಾರೆ. ಹಾಗಾಗಿ ರಜ ಇದ್ದವರು ರಜ ತಗೊಂಡು ಸುಮ್ಮನೆ ಮಲಗೋದು, ಮೊಸರನ್ನ ತಿಂದು ಕಿಟಕಿಯಾಚೆ ನೋಡೋದು ಕೂಡ ಒಂದು ಕರ್ತವ್ಯ ಅಂತ ನಾನು ನಂಬ್ತೀನಿ.

ಅಕ್ಕನ ವಿಷಯಕ್ಕೆ ಬರೋಣ. ಅವತ್ತು ಮಾಡೋಕೆ ಆದದ್ದು ಕಮ್ಮಿ. ಬಕೆಟ್ ತೆಗೆದಿಟ್ಟು, ಕೂರಿಸಿ, ಹೊಸ ಹತ್ತಿ ಕೊಟ್ಟು, ತಣ್ಣಗಿನ ಅಂಬಲಿ ಕುಡಿಸಿ ಆಟೋದಲ್ಲಿ ಕಳಿಸಿದೆವು. ಉಳಿದ ನಾಲ್ಕು ಮನೆಗಳಲ್ಲಿ ಮೂರು ನಮ್ಮ ಕಟ್ಟಡದಲ್ಲೇ ಇವೆ. ನನ್ನ ಹೆಂಡತಿ, ನಾನು ಒಂದೊಂದಾಗಿ ಹೋಗಿ ಕೂತು ಮಾತಾಡಿದೆವು. ನಮ್ಮ ಪ್ರಸ್ತಾಪ ಸಣ್ಣದು: ಐದೂ ಮನೆ ಸೇರಿ ವರ್ಷಕ್ಕೆ 12 ದಿನ ಕಾಯಿಲೆ ರಜ, ಸಂಬಳ ಹಿಡಿಯೋ ಹಾಗಿಲ್ಲ, ಬೇರೆಯವರನ್ನ ಹುಡುಕೋ ಹಾಗಿಲ್ಲ. ಡಾಕ್ಟ್ರ ಚೀಟಿ ತೋರಿಸಿದ ದಿನ ಯಾರ ಮನೆಗೂ ಬರೋ ಹಾಗಿಲ್ಲ. ಸಂಖ್ಯೆಯನ್ನ ಬೇಕಂತಲೇ ನಮಗೆ ಸಿಗುವ ಸಂಖ್ಯೆಯಷ್ಟೇ ಇಟ್ಟೆವು.

ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು ಮಾತು ಮುಗಿಯೋ ಮೊದಲೇ ಆಯ್ತು ಅಂದರು. ಪಕ್ಕದ ಮನೆಯವರು, "ಇದನ್ನ ಯಾರೂ ಹೇಳಿರಲಿಲ್ಲ, ಅಷ್ಟೆ" ಅಂತ ಒಪ್ಪಿದರು. ಮೇಲಿನ ಮನೆಯವರು ಜ್ವರಕ್ಕೆ ಸರಿ, ಹಲ್ಲಿಗೆಲ್ಲ ಎರಡು ದಿನ ಅಂದರೆ ಜಾಸ್ತಿಯಾಯ್ತು ಅಂದರು. ಚೀಟಿ ತೋರಿಸಿ, ಬಗ್ಗಬಾರದು ಅನ್ನೋ ಸಾಲನ್ನ ಓದಿ ಹೇಳಿದ ಮೇಲೆ ಒಂದು ದಿನಕ್ಕೆ ಇಳಿದರು. ಐದನೇ ಮನೆ ಎರಡು ರಸ್ತೆ ಆಚೆ. ಅವರು ಬಾಗಿಲಲ್ಲೇ ನಿಂತು, "ಅದು ನಮ್ಮ ಅವರ ಮಧ್ಯದ ವಿಷಯ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ರೀತಿಯಲ್ಲಿ ಅವರು ಹೇಳಿದ್ದು ಸರಿ, ಅದೇ ಸಮಸ್ಯೆ ಕೂಡ. ಮಧ್ಯದಲ್ಲಿ ಕಾನೂನು ಇಲ್ಲದೇ ಇರೋದರಿಂದಲೇ ಅದು ಅವರಿಬ್ಬರ ಮಧ್ಯದ ವಿಷಯ ಆಗಿ ಉಳಿದಿರೋದು.

ಮೂರು ತಿಂಗಳ ಮೇಲೆ ಅಕ್ಕನ ಇನ್ನೊಂದು ಹಲ್ಲು ತೆಗೆಯಬೇಕಾಯ್ತು. ಈ ಸಲ ಎರಡು ದಿನ ನಮ್ಮ ಕಟ್ಟಡಕ್ಕೆ ಬರಲಿಲ್ಲ. ಎರಡನೇ ದಿನ ಸಂಜೆ ಐದನೇ ಮನೆಗೆ ಹೋಗಿ ಬಂದರಂತೆ, ಆದರೆ ನೆಲ ಒರೆಸಿಲ್ಲ, ನಿಂತುಕೊಂಡು ಪಾತ್ರೆ ಮಾತ್ರ ತೊಳೆದೆ ಅಂದರು. ಮೂರನೇ ದಿನ ಬಂದಾಗ ಕೆನ್ನೆ ಸ್ವಲ್ಪ ಊದಿತ್ತು, ನೋವಿಲ್ಲ ಅಂದರು. ಊಟಕ್ಕೆ ಏನು ಮಾಡಿಕೊಂಡಿರಿ ಅಂತ ಅಮ್ಮ ಫೋನಿನಲ್ಲಿ ಕೇಳಿದರು, ಸ್ಪೀಕರ್ ಹಾಕಿದ್ದೆ.

"ಮಗಳು ಸ್ಕೂಲಿಗೆ ಹೋಗ್ದೆ ಮನೇಲೇ ಇದ್ಲು ಅಮ್ಮ. ಮುದ್ದೆ ಕಟ್ಟಿ ಆರಿಸಿಕೊಟ್ಲು" ಅಂದರು.

ಮಗಳು ಏಳನೇ ಕ್ಲಾಸು. ಅಮ್ಮನಿಗೆ ಅಗಿಯುವ ಕೆಲಸ ತಪ್ಪಿಸೋಕೆ ಅವಳು ಎರಡು ದಿನದ ಪಾಠ ಬಿಟ್ಟಿದ್ದಳು.